ಮುಬಾಶಿರಾ ಮಾಡಿದ ಗಾಲಿಗಳು

ಗಂಗಾವತಿಯಿಂದ ಮರಳಿ ಗ್ರಾಮಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ಅಲ್ಲಾಸಾಬ ಚಾಚಾ ಅವರ ವೆಲ್ಡಿಂಗ್ ಅಂಗಡಿ ಇದೆ. ಅದರ ಪಕ್ಕದ ಮನೆ ನಮ್ಮದು. ನಾನು ಹತ್ತನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟವಳು. ಬರೆದು ರೂಢಿಯಿಲ್ಲ. ಅದಕ್ಕೇ ಕಣ್ಣಾರೆ ಕಂಡದ್ದನ್ನು ಮತ್ತು ಅವರ ಮಗಳು ಮುಬಾಶಿರಾ ಅಕ್ಕ ತಾನೇ ಹೇಳಿದ್ದನ್ನು ಮಾತ್ರ ಬರೆಯುತ್ತೇನೆ.

ಕಾಲುವೆಗೆ ನೀರು ಬಿಟ್ಟ ಮೇಲೆ ಇಲ್ಲಿಯ ರೈತರು ಟ್ರ್ಯಾಕ್ಟರಿನ ಹಿಂದಿನ ಟೈರು ತೆಗೆದು ಕಬ್ಬಿಣದ ಗಾಲಿ ಹಾಕುತ್ತಾರೆ. ಗಾಲಿಯ ಸುತ್ತ ಓರೆಯಾಗಿ ಬೆಸೆದ ಪಟ್ಟಿಗಳಿರುತ್ತವೆ. ಭತ್ತದ ಗದ್ದೆಯ ಕೆಸರಿನಲ್ಲಿ ಹಿಡಿತ ಕೊಡುವುದು ಆ ಪಟ್ಟಿಗಳೇ. ಚಾಚಾ ಅವರ ಗಾಲಿಗಳಿಗೆ ಈ ಭಾಗದಲ್ಲಿ ಒಳ್ಳೆಯ ಹೆಸರಿದೆ. ಆದರೆ ಹೋದ ವರ್ಷದಿಂದ ಅವರ ಕಣ್ಣು ಸರಿಯಿಲ್ಲ. ವೆಲ್ಡಿಂಗ್ ಬೆಳಕು ನೋಡಬಾರದೆಂದು ಡಾಕ್ಟರು ಹೇಳಿದ್ದಾರೆ. ಆಗಿನಿಂದ ಅವರು ಮುಂದೆ ಕೂತು ಗಿರಾಕಿಗಳ ಜೊತೆ ಮಾತಾಡುತ್ತಾರೆ, ಮುಬಾಶಿರಾ ಅಕ್ಕ ತಗಡಿನ ಮರೆಯಲ್ಲಿ ನಿಂತು ಕೆಲಸ ಮಾಡುತ್ತಾಳೆ. ಗಿರಾಕಿಗಳಿಗೆ ಇದು ಗೊತ್ತಿರಲಿಲ್ಲ. ಒಮ್ಮೆ ಒಬ್ಬರಿಗೆ ಚಾಚಾ ನಿಜ ಹೇಳಿದರು. ಅವರು ಊಟ ಮಾಡಿ ಬರುತ್ತೇನೆಂದು ಹೋದವರು ಎದುರಿನ ಇನ್ನೊಂದು ವೆಲ್ಡಿಂಗ್ ಅಂಗಡಿಗೆ ಹೋದರು. ಆಮೇಲೆ ಚಾಚಾ ಯಾರಿಗೂ ಹೇಳಲಿಲ್ಲ.

ಅಕ್ಕ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದವಳು. ಅದೇ ದೊಡ್ಡ ತೊಡಕಾಯಿತು. ನನ್ನ ಹಾಗೆ ಶಾಲೆ ಬಿಟ್ಟ ಹುಡುಗ ವೆಲ್ಡಿಂಗ್ ಕಲಿತರೆ, ದಾರಿಗೆ ಬಂದ ಎನ್ನುತ್ತಾರೆ. ಪಾಸಾದವರು, ಅದರಲ್ಲೂ ಹುಡುಗಿ ಕಲಿತರೆ, ಮನೆಯಲ್ಲಿ ಏನೋ ಕಷ್ಟವಿದೆ ಎಂದುಕೊಳ್ಳುತ್ತಾರೆ. ಅವಳಿಗೆ ಈ ಕೆಲಸ ಇಷ್ಟವಿರಬಹುದೆಂದು ಯಾರೂ ಯೋಚಿಸುವುದಿಲ್ಲ.

ತಾಯಿ ರಜಿಯಾಬೇಗಂ ಚಾಚಿಗೆ ಮಗಳು ಡಿಗ್ರಿ ಮಾಡಬೇಕು, ನೆರಳಲ್ಲಿ ಕೂತು ಮಾಡುವ ನೌಕರಿ ಹಿಡಿಯಬೇಕು ಎಂಬ ಆಸೆ. ಬಹಳ ಜಗಳವಾದ ಮೇಲೆ ಅವರು ಒಂದು ಮಾತು ಕೊಟ್ಟರು. ಅಡ್ಮಿಶನ್ ಮುಗಿಯುವುದರೊಳಗೆ ಒಬ್ಬ ಗಿರಾಕಿಯಾದರೂ ಮುಬಾಶಿರಾಳ ಕೆಲಸವೆಂದು ಗೊತ್ತಿದ್ದೂ ಮಾಲು ಒಯ್ದರೆ ಕಾಲೇಜಿನ ಮಾತು ತೆಗೆಯುವುದಿಲ್ಲ. ಮುಚ್ಚಿಟ್ಟು ಮಾರಿದ್ದು ಲೆಕ್ಕಕ್ಕಿಲ್ಲ.

ಅಡ್ಮಿಶನ್ನಿಗೆ ಎರಡೇ ದಿನ ಉಳಿದಾಗ ಮರಳಿಯ ರೈತ ವಿರುಪಣ್ಣನವರು ಇಲ್ಲಿಂದ ಒಯ್ದಿದ್ದ ಹೊಸ ಗಾಲಿಗಳನ್ನು ಟ್ರೇಲರಿನಲ್ಲಿ ಹಾಕಿಕೊಂಡು ವಾಪಸ್ ಬಂದರು. ನಾನು ನಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದೆ.

“ಅಲ್ಲಾಸಾಬ, ಏನ ಗಾಲಿ ಮಾಡಿ ಮಾರಾಯಾ? ಕೆಸರಿಗೆ ಇಳಿಸಿದ್ರ ಟ್ರ್ಯಾಕ್ಟರ್ ಬದುವಿನ ಮ್ಯಾಲೆ ಹತ್ತಾಕ ಹೋಗತೈತಿ. ಒಳಗ ಹೊರಗ ತಿರುವಿ ಹಾಕಿದ್ರೂ ಅಷ್ಟ.”

ಚಾಚಾ ಗಾಲಿಗಳ ಮೇಲೆ ಕೈಯಾಡಿಸಿದರು. ಆಗಲೇ ಅವರಿಗೆ ತಿಳಿಯಿತು. ಎಡಗಡೆಯ ಗಾಲಿಯ ಪಟ್ಟಿಗಳು ಒಂದು ಕಡೆ ವಾಲಿದರೆ ಬಲಗಡೆಯವು ಅದಕ್ಕೆ ಎದುರಾಗಿ ವಾಲಬೇಕು. ಇಲ್ಲಿ ಎರಡೂ ಒಂದೇ ಕಡೆ ವಾಲಿದ್ದವು. ಅಕ್ಕ ಮೊದಲ ಗಾಲಿಯನ್ನು ಮುಂದಿಟ್ಟುಕೊಂಡು, ಒಂದಿಷ್ಟೂ ವ್ಯತ್ಯಾಸವಾಗದಂತೆ ಎರಡನೆಯದನ್ನು ಮಾಡಿದ್ದಳು.

ಕಣ್ಣಿನ ದೋಷದಿಂದ ತನ್ನ ಕೈ ತಪ್ಪಿತು ಎಂದು ಚಾಚಾ ಹೇಳತೊಡಗಿದ್ದರು. ಅಷ್ಟರಲ್ಲಿ ಅಕ್ಕ ಮುಖದ ಮೇಲಿನ ಕವಚ ತೆಗೆದು ಹೊರಗೆ ಬಂದಳು.

“ಅಪ್ಪ ಮಾಡಿದ್ದಲ್ರಿ ಕಾಕಾ. ಎರಡೂ ಗಾಲಿ ನಾನ ಮಾಡಿದ್ದು. ತಪ್ಪೂ ನಂದ ಐತಿ.”

ವಿರುಪಣ್ಣನವರು ಅವಳನ್ನೂ ಚಾಚಾ ಅವರನ್ನೂ ನೋಡಿದರು. “ಮತ್ತ ಮೊನ್ನಿ ನನ್ನ ಟ್ರೇಲರಿಗೆ ಬಾಗಲಾ ಕೂಡಿಸಿದ್ದು?”

“ಅದೂ ನಾನರಿ.”

ಅವರು ತಿರುಗಿ ಟ್ರೇಲರಿನ ಬಾಗಿಲನ್ನು ಒಮ್ಮೆ ಎಳೆದು ನೋಡಿದರು. ಎದುರಿನ ಅಂಗಡಿ ತೆರೆದಿತ್ತು, ಅಲ್ಲಿ ಯಾವ ಗಿರಾಕಿಯೂ ಇರಲಿಲ್ಲ. ಅವರು ಆ ಕಡೆ ಹೋಗಿಯೇ ಬಿಡುತ್ತಾರೆ ಎಂದುಕೊಂಡೆ. ಅಕ್ಕ, ಒಂದು ಗಾಲಿಯ ಪಟ್ಟಿಗಳನ್ನೆಲ್ಲ ಕತ್ತರಿಸಿ ಹೊಸದಾಗಿ ಬೆಸೆದುಕೊಡುತ್ತೇನೆ, ಸಂಜೆಯೊಳಗೆ ಆಗುತ್ತದೆ ಎಂದಳು. ಅವರು ಹೆಗಲ ಮೇಲಿನ ಟವೆಲ್ಲು ಕೊಡವಿ, ತಗಡಿನ ಪಕ್ಕದಲ್ಲೇ ಸ್ಟೂಲು ಹಾಕಿಸಿಕೊಂಡು ಕೂತರು.

ಅಕ್ಕ ಈ ಸಲ ಎರಡೂ ಗಾಲಿಗಳನ್ನು ಎದುರುಬದುರು ಮಲಗಿಸಿ ಸುಣ್ಣದ ಕಡ್ಡಿಯಿಂದ ಗುರುತು ಹಾಕಿಕೊಂಡಳು. ವಿರುಪಣ್ಣನವರಿಗೆ ಸುಮ್ಮನೆ ಕೂರಲಾಗಲಿಲ್ಲ.

“ಸಾಲ್ಯಾಗ ಬಾಜೂದವರದ್ದ ನೋಡಿ ಬರದಂಗ ಮಾಡಿಯಲ್ಲವಾ ಗಾಲಿ!”

“ಬಾಜೂದವರದ್ದಲ್ರಿ, ನಂದ ನಾನ ನೋಡಿ ಬರದೆ. ಅದಕ್ಕ ನಾಪಾಸಾತು.”

ಅವರು ನಕ್ಕರು. ಚಾಚಾ ಮಾತ್ರ ನಗಲಿಲ್ಲ.

ಸಂಜೆ ಗಾಲಿಗಳನ್ನು ಅಂಗಡಿಯ ಮುಂದೆಯೇ ಟ್ರ್ಯಾಕ್ಟರಿಗೆ ಹಾಕಿ, ಪಕ್ಕದ ನೀರು ನಿಂತ ಹೊಲದಲ್ಲಿ ಓಡಿಸಿ ನೋಡಿದರು. ನೇರವಾಗಿ ಹೋಯಿತು. ಟೈರು ಮರಳಿ ಹಾಕಿ ಗಾಲಿಗಳನ್ನು ಟ್ರೇಲರಿಗೆ ಏರಿಸುವಾಗ ರಜಿಯಾಬೇಗಂ ಚಾಚಿ ಬಾಗಿಲಿಗೆ ಬಂದರು. ಅವರು ಮನೆಯಲ್ಲಿ ಉರ್ದು ಆಡುವವರು, ಗಿರಾಕಿಗಳ ಜೊತೆ ಮಾತೇ ಆಡುವುದಿಲ್ಲ. ಅಂದು ಕನ್ನಡದಲ್ಲಿ ಕೇಳಿದರು.

“ಅಣ್ಣಾರ, ಈಕಿ ಮಾಡಿದ್ದಂತ ಗೊತ್ತಾದ ಮ್ಯಾಲೂ ಒಯ್ತೀರೇನ್ರಿ?”

“ಒಯ್ಯದ ಏನ ಮಾಡ್ಲೆವಾ ತಂಗಿ, ನಾಡಿದ್ದ ನಾಟಿ ಐತಿ. ಆದ್ರ ಒಂದ ಮಾತು. ಇನ್ನ ತಕರಾರು ಬಂದ್ರ ಅಲ್ಲಾಸಾಬಗ ಕೇಳಂಗಿಲ್ಲ ನಾನು. ಸೀದಾ ಈಕಿಗೇ ಕೇಳಾಂವ.”

ಅಡ್ಮಿಶನ್ನಿನ ದಿನ ಬಂದು ಹೋಯಿತು. ಚಾಚಿ ಮಾತು ಉಳಿಸಿಕೊಂಡರು. ಅವರಿಗೆ ಸಂತೋಷವಾಯಿತು ಎಂದು ಮಾತ್ರ ನಾನು ಬರೆಯಲಾರೆ. ಆ ದಿನ ಮಧ್ಯಾಹ್ನ ಚಾಚಿ, ಚಾಚಾ ವೆಲ್ಡಿಂಗ್ ಮಾಡುವಾಗ ತೊಡುತ್ತಿದ್ದ ದಪ್ಪ ಬಟ್ಟೆಯ ಹಳೆಯ ಅಂಗಿಯೊಂದನ್ನು ತೆಗೆದುಕೊಂಡು ಕಟ್ಟೆಗೆ ಬಂದು ಕೂತರು. ಅಕ್ಕನನ್ನು ಕರೆದು ಕೈ ಚಾಚಲು ಹೇಳಿ, ತೋಳಿನ ಅಳತೆ ನೋಡಿ, ಹೆಚ್ಚಾದದ್ದನ್ನು ಒಳಗೆ ಮಡಚಿ ಹೊಲಿಯತೊಡಗಿದರು.