ಹಳೆಯದಾಗಿ ಕಾಣಬೇಕಿದ್ದ ಒಲೆ

ಹಸಿ ನೀಲಗಿರಿ ಸೊಪ್ಪು ಹಾಕಿದರೆ ಒಲೆ ಉರಿಯುವುದಿಲ್ಲ, ಹೊಗೆಯುತ್ತದೆ. ನಮಗೆ ಬೇಕಾಗಿದ್ದದ್ದು ಆ ಹೊಗೆಯೇ. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ರಾಗಿ ಮೂಟೆ ಇಡುತ್ತಿದ್ದ ಜಾಗದಲ್ಲಿ, ಹೊಸದಾಗಿ ಮಣ್ಣಿನ ಒಲೆ ಹಾಕಿದ್ದರು. ನೋಡಿದವರಿಗೆ ಅದು ಎಷ್ಟೋ ವರ್ಷದಿಂದ ಅಲ್ಲೇ ಇದೆ ಅನ್ನಿಸಬೇಕಾಗಿತ್ತು. ಚಿಕ್ಕಮ್ಮ ಮತ್ತು ನಾನು ಬಾಗಿಲು ಹಾಕಿಕೊಂಡು ಸುಣ್ಣದ ಗೋಡೆಗೆ ಹೊಗೆ ಕೊಡುತ್ತಿದ್ದೆವು. ಒಲೆಯ ಬಾಯಿಗೆ ಬೂದಿ ಉಜ್ಜಿದೆವು, ಮೇಲೆ ಸಾರು ಉಕ್ಕಿ ಹರಿದಂತೆ ಒಂದಿಷ್ಟು ಸುರಿದೆವು.

"ಮದ್ವೆಯಾಗಿ ಈ ಮನೆಗ್ ಬಂದ್ ದಿನಾನೂ ನಾನು ಇಷ್ಟ್ ಅತ್ತಿರ್ಲಿಲ್ಲ ಕಣೆ," ಎಂದು ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

ಅಮ್ಮ ಇದನ್ನು ಒಪ್ಪುವುದಿಲ್ಲ. ಅವಳ ಪ್ರಕಾರ ಅಂದು ನಾನು ಕಾಲೇಜಿಗೆ ಹೋಗಿದ್ದೆ, ಹೊಗೆ ಹಾಕಿದ್ದು ಅವಳೂ ಚಿಕ್ಕಮ್ಮನೂ, ನಕ್ಕದ್ದೂ ಅವರಿಬ್ಬರೇ. ಇರಬಹುದು. ಕೇಳಿದ್ದನ್ನು ನೋಡಿದ್ದು ಎಂದುಕೊಳ್ಳುವ ಅಭ್ಯಾಸ ನನಗಿದೆ. ಆದರೆ ನನ್ನ ಲಂಗದಲ್ಲಿ ಎಷ್ಟೋ ದಿನ ಉಳಿದಿದ್ದ ಆ ನೀಲಗಿರಿಯ ವಾಸನೆಯನ್ನು ಯಾರಿಂದಲೋ ಕೇಳಿ ತಿಳಿದಿರಲು ಸಾಧ್ಯವಿಲ್ಲ.

ನಮ್ಮೂರು ತುಮಕೂರು ರಸ್ತೆಯಿಂದ ತುಸು ಒಳಕ್ಕೆ. ದಾಸರಹಳ್ಳಿಗೂ ಪೀಣ್ಯದ ಕಾರ್ಖಾನೆಗಳಿಗೂ ನಡೆದೇ ಹೋಗಬಹುದಿತ್ತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು, ನಾನು ಸಿಟಿಯಲ್ಲಿ ಬಿ.ಎ. ಓದುತ್ತಿದ್ದೆ. ನಗರ ಭೂಮಿತಿ ಕಾಯ್ದೆ ಬಂದಿತ್ತು. ಸಿಟಿಯಲ್ಲೂ ಅದರ ಸುತ್ತಲಿನ ಹಳ್ಳಿಗಳಲ್ಲೂ ಒಬ್ಬರ ಹತ್ತಿರ ಇಷ್ಟಕ್ಕಿಂತ ಹೆಚ್ಚು ಖಾಲಿ ಜಾಗ ಇರಬಾರದು, ಇದ್ದರೆ ಹೆಚ್ಚಿನದು ಸರ್ಕಾರಕ್ಕೆ. ಊರಲ್ಲಿ ಇದನ್ನು 'ಸೀಲಿಂಗು' ಅನ್ನುತ್ತಿದ್ದರು. ತರಗತಿಯಲ್ಲಿ ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು, ಸೂರಿಲ್ಲದವರಿಗೆ ಜಾಗ ಸಿಗಬೇಕಾದರೆ ಇಂಥದೊಂದು ಕಾನೂನು ಬೇಕೇ ಬೇಕು ಎಂದಾಗ ನಾನು ತಲೆಯಾಡಿಸಿದ್ದೆ. ಇವತ್ತು ಆ ಕಾಯ್ದೆಯೇ ಇಲ್ಲ, ರದ್ದಾಗಿದೆ. ಆದರೂ ಅವರ ಮಾತು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಆದರೆ ರಸ್ತೆ ಬದಿಯ ನಮ್ಮ ಹೊಲ ಆ ಕಾಯ್ದೆಯ ಕೈಗೆ ಸಿಕ್ಕಿತ್ತು. ಎರಡೂ ಕಡೆ ಶೆಡ್ಡುಗಳು ಎದ್ದ ಮೇಲೆ ಅಲ್ಲಿ ರಾಗಿ ಬಿತ್ತುವುದು ನಿಂತು ಹುಲ್ಲು ಬೆಳೆದಿತ್ತು. ಸರ್ಕಾರದ ಲೆಕ್ಕದಲ್ಲಿ ಅದು ಖಾಲಿ ಜಾಗ. ತಾತ ಹೋದ ಮೇಲೆ ಹಿರಿಯ ಮಗನೆಂದು ಅಪ್ಪನೊಬ್ಬನ ಹೆಸರಿಗೇ ಖಾತೆ ಆಗಿತ್ತು. ತಮ್ಮ, ಅಂದರೆ ನನ್ನ ಚಿಕ್ಕಪ್ಪ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದ. ಎಲ್ಲರೂ ಒಂದೇ ಮನೆಯಲ್ಲಿ, ಒಂದೇ ಒಲೆಯಲ್ಲಿ ಇದ್ದೆವು.

ಅಣ್ಣ ತಮ್ಮ ಇಬ್ಬರೂ ಲಾಯರನ್ನು ಕಂಡು ಬಂದರು. ಕಾಯ್ದೆ ಬರುವ ಮೊದಲೇ ಇಬ್ಬರಿಗೂ ಪಾಲಾಗಿತ್ತು ಎಂದು ತೋರಿಸಿದರೆ ಒಬ್ಬೊಬ್ಬರದನ್ನೂ ಬೇರೆ ಬೇರೆ ಎಣಿಸುತ್ತಾರೆ, ಆಗ ಹೆಚ್ಚಿನದು ಉಳಿಯುವುದಿಲ್ಲ ಎಂದನಂತೆ ಲಾಯರು. ಬರಹದಲ್ಲಿ ಇಲ್ಲದಿದ್ದರೂ ಬಾಯಿಮಾತಿನ ಪಾಲೂ ಪಾಲೇ, ಆದರೆ ವಿಚಾರಣೆಗೆ ಬಂದವರಿಗೆ ಮನೆ ನೋಡಿದರೆ ಪಾಲಾದ ಮನೆ ಅನ್ನಿಸಬೇಕು.

"'ಒಲೆ ಎಷ್ಟಿವೆ?' ಅಂದ," ಎಂದು ಅಪ್ಪ ಜಗಲಿಯ ಮೇಲೆ ಕೂತು ವರದಿ ಒಪ್ಪಿಸಿದ.

"ನಾನಂದೆ, ಒಲೆ ಒಂದೇ ಸಾರ್, ಬೆಂಕಿ ಹಚ್ಚೋರು ಮಾತ್ರ ಇಬ್ರವ್ರೆ ಅಂತ," ಎಂದ ಚಿಕ್ಕಪ್ಪ. ಒಳಗಿನಿಂದ ಅಮ್ಮ, "ಇವತ್ತ್ ಹಚ್ಚಲ್ಲ, ಅಸ್ಕೊಂಡ್ ಬಿದ್ಕೊಳ್ಳಿ ಇಬ್ರೂವೆ!" ಎಂದು ಕೂಗಿದಳು.

ಅಜ್ಜಿ ಮಾತ್ರ ನಗಲಿಲ್ಲ. "ನನ್ನ ಯಾರ್ ಪಾಲಿಗ್ ಬರ್ಸುದ್ರಿ?" ಎಂದು ಕೇಳಿದಳು.

ಸರ್ಕಾರಕ್ಕೆ ಕೊಟ್ಟ ಅರ್ಜಿಯಲ್ಲಿ ಅಪ್ಪನ ಪಾಲಿಗೆ ಬರೆಸಿದ್ದರು. "ಆಡೋ ಮಾತಿಗೆ ಅಷ್ಟೇ ಕಣವ್ವ, ನೀನು ಎಲ್ ಬೇಕಾದ್ರೂ ಉಣ್ಣು," ಎಂದ ಅಪ್ಪ.

ಅಜ್ಜಿ ಉಣ್ಣುತ್ತಿದ್ದದ್ದು ಚಿಕ್ಕಮ್ಮನ ಕೈ ಅಡುಗೆ. ಸಾರು ಅಮ್ಮ ಮಾಡುತ್ತಿದ್ದಳು, ಮುದ್ದೆ ಚಿಕ್ಕಮ್ಮನದು. ಹಲ್ಲು ಬಿದ್ದ ಅಜ್ಜಿಗೆಂದು ಒಂದು ಮುದ್ದೆಯನ್ನು ಬೇರೆಯಾಗಿ ಮೆತ್ತಗೆ ಕಟ್ಟಿ, ತಾನೇ ತಂದು ತಟ್ಟೆಗೆ ಹಾಕಿ, ಎದುರು ಕೂರುತ್ತಿದ್ದಳು. ಚಿಕ್ಕಮ್ಮನಿಗೆ ಮಕ್ಕಳಾಗಿರಲಿಲ್ಲ. ಒಮ್ಮೆ ನೆಂಟರೊಬ್ಬರು ಚಿಕ್ಕಪ್ಪನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ತೆಗೆದರು, ಊಟದ ನಡುವೆಯೇ. "ನನ್ ಸೊಸೆ ಮಾಡಿದ್ ಇಟ್ಟ ನುಂಗ್ಕೊಂಡು ಈ ಮಾತಾಡ್ತೀಯಲ್ಲಪ್ಪ, ತಟ್ಟೆ ಖಾಲಿ ಮಾಡ್ಬುಟ್ಟು ಎದ್ದೋಗು," ಎಂದಳು ಅಜ್ಜಿ. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಚಿಕ್ಕಮ್ಮನಿಗೆ ಆ ಮನೆಯಲ್ಲಿ ಇದ್ದ ಆಸರೆ ಅಜ್ಜಿ.

ವಿಚಾರಣೆಗೆ ಬಂದ ಅಧಿಕಾರಿ ಒರಟನಲ್ಲ. ಬಿಸಿಲಲ್ಲಿ ಊರೂರು ತಿರುಗಿ ಸುಸ್ತಾಗಿದ್ದ ಮನುಷ್ಯ, ಕೊಟ್ಟ ಮಜ್ಜಿಗೆ ಕುಡಿದ. ಹಿಂದಿನ ಕೋಣೆಗೆ ಹೋಗಿ ಗೋಡೆ ಮುಟ್ಟಿದ, ಬೆರಳು ಕಪ್ಪಾಯಿತು, ಕರವಸ್ತ್ರದಲ್ಲಿ ಒರೆಸಿಕೊಂಡ. "ಏನಮ್ಮ ಇವತ್ತಿನ ಅಡುಗೆ?" ಎಂದು ಚಿಕ್ಕಮ್ಮನನ್ನು ಕೇಳಿದ. "ಬಸ್ಸಾರು, ಸಾರ್." ಅದನ್ನೂ ಬರೆದುಕೊಂಡನೋ ಏನೋ. ಹೊರಗೆ ಬಂದು, ಹೋಗುವ ಮೊದಲು, ಜಗಲಿಯಲ್ಲಿ ಕೂತಿದ್ದ ಅಜ್ಜಿಯನ್ನು ಕೇಳಿದ: "ನೀವು ಯಾರ ಮನೇಲಿ ಊಟ ಮಾಡ್ತೀರಿ, ಅಜ್ಜಿ?"

"ದೊಡ್ಡೋನ ತಾವ," ಎಂದಳು ಅಜ್ಜಿ. ಹೇಳಿಕೊಟ್ಟಿದ್ದು ಅಷ್ಟೇ. ಅವನು ಆಯಿತೆಂದು ತಲೆಯಾಡಿಸಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ.

ಅಜ್ಜಿ ಜಗಲಿಯಿಂದ ಇಳಿದಳು. ಬಗ್ಗಿ ಅಂಗಳದ ಮಣ್ಣನ್ನು ಚಿಟಿಕೆಯಷ್ಟು ತೆಗೆದು ಕಣ್ಣಿಗೆ ಒತ್ತಿಕೊಂಡು ಹೇಳಿದಳು: "ಚಿಕ್ಕೋನ ಒಲೇಲಿ ಬೆಂದಿದ್ದ ನಾನು ಮುಟ್ಟಾಕಿಲ್ಲ ಸ್ವಾಮಿ. ಈ ಮಣ್ಣಾಣೆ."

"ಅಯ್ಯೋ, ಆಣೆಯೆಲ್ಲ ಯಾಕಜ್ಜಿ," ಎಂದು ಅವನು ಮುಜುಗರಪಟ್ಟುಕೊಂಡ.

ಯಾರೂ ಕೇಳದ ಆಣೆಯನ್ನು ಅವಳು ಯಾಕೆ ಇಟ್ಟಳು ಎಂದು ನಾನು ಬೇಕಾದಷ್ಟು ಸಲ ಬರೆದುಕೊಂಡಿದ್ದೇನೆ, ಪ್ರತಿ ಸಲವೂ ಬೇರೆ ಕಾರಣ ಕೊಟ್ಟಿದ್ದೇನೆ. ಅವನು ಬೇಗ ಹೊರಟದ್ದು ನೋಡಿ ನಂಬಲಿಲ್ಲ ಎಂದುಕೊಂಡಳೇ? ಊರ ಪಂಚಾಯಿತಿಯಲ್ಲಿ ಮಣ್ಣು ಮುಟ್ಟದೆ ಆಡಿದ ಮಾತಿಗೆ ತೂಕವಿಲ್ಲದ್ದನ್ನು ಕಂಡು ಬೆಳೆದವಳು. ಮಕ್ಕಳಿಗೆ ಜಮೀನು ಉಳಿಯಲಿ ಎಂದು ತನ್ನ ಹತ್ತಿರ ಇದ್ದ ಎಲ್ಲಕ್ಕಿಂತ ದೊಡ್ಡದನ್ನು, ತನ್ನ ಆಣೆಯನ್ನು, ಕೊಟ್ಟಳು ಎಂದು ಈಗ ಅನ್ನಿಸುತ್ತದೆ. ನಾಳೆ ಏನನ್ನಿಸುತ್ತದೋ.

ಅಧಿಕಾರಿ ಹೋದ ಮೇಲೆ ಮನೆಯಲ್ಲಿ ಹಬ್ಬದ ಗಲಾಟೆ. ಚಿಕ್ಕಪ್ಪ ಅಜ್ಜಿಯ ನಟನೆಯನ್ನು ಅಭಿನಯಿಸಿ ತೋರಿಸಿದ. "ನಾಟ್ಕದ್ ಕಂಪ್ನಿಗ್ ಸೇರುಸ್ಬೋದಿತ್ತು ನಮ್ಮವ್ವನ!" ಸಂಜೆ ಚಿಕ್ಕಮ್ಮ ಎಂದಿನಂತೆ ಮುದ್ದೆ ತಂದಳು. ಲಾಯರಿನ ಮಾತಿನಂತೆ ಆಗ ಅವಳು ಹಿಂದಿನ ಒಲೆಯಲ್ಲೇ ಬೇಯಿಸುತ್ತಿದ್ದಳು.

ಅಜ್ಜಿ ತಟ್ಟೆ ಪಕ್ಕಕ್ಕೆ ಸರಿಸಿದಳು. "ಬ್ಯಾಡ ಕಣವ್ವ."

"ಯಾಕತ್ತೆ, ಉಸಾರಿಲ್ವಾ?"

"ಆಣೆ ಇಟ್ಟಿವ್ನಿ."

ಎಲ್ಲರೂ ನಕ್ಕರು, ಚಿಕ್ಕಮ್ಮನೂ. ಅಜ್ಜಿ ಎದ್ದು ಹೋಗಿ ಅಮ್ಮನ ಒಲೆಯ ಮುಂದೆ ಕೂತಾಗ ನಗು ನಿಂತಿತು.

"ಅವ್ವ, ಅದು ಬಾಯ್ ಮಾತ್ಗೆ ಆಡಿದ್ದಲ್ವಾ," ಎಂದ ಅಪ್ಪ.

"ಬಾಯ್ ಮಾತ್ಗಾ? ಮಣ್ ಮುಟ್ಟಿ ಆಡಿವ್ನಿ ಕಣ್ಲಾ. ಆ ಮಣ್ಣ ಉಳ್ಸ್ಕೊಳಾಕೆ ತಾನೆ ನೀವು ಇಷ್ಟೆಲ್ಲ ಮಾಡಿದ್ದು? ಇವತ್ತ್ ಉಂಡ್ರೆ ನಾನು ಸುಳ್ಳಾಡ್ದಂಗಾಯ್ತು. ಉಣ್ದಿದ್ರೆ ನಾನಾಡಿದ್ದು ನಿಜ."

ಅವಳ ಲೆಕ್ಕ ಅದು. ಮುಗಿದುಹೋದ ಸುಳ್ಳನ್ನು ಇನ್ನು ಮುಂದೆ ಬದುಕಿ ನಿಜ ಮಾಡುವುದು. ವಾದಿಸಲು ಯಾರಿಗೂ ದಾರಿ ಕಾಣಲಿಲ್ಲ. ನಾನು ತರ್ಕಶಾಸ್ತ್ರ ಓದಿದವಳು, ನನಗೂ ಕಾಣಲಿಲ್ಲ.

ಚಿಕ್ಕಮ್ಮ ಮೊದಮೊದಲು ದಿನವೂ ಒಂದು ಮುದ್ದೆ ಮೆತ್ತಗೆ ಕಟ್ಟಿ ಇಟ್ಟಿರುತ್ತಿದ್ದಳು, ಯಾವಾಗಲಾದರೂ ಮನಸ್ಸು ಬದಲಾದೀತೆಂದು. ಅಮ್ಮನ ಒಲೆಯಲ್ಲಿ ಅವಳು ಕೈ ಹಾಕುವಂತಿರಲಿಲ್ಲ. ಆರ್ಡರ್ ಬರುವ ತನಕ ಯಾರು ಯಾವಾಗ ಬಂದು ನೋಡುತ್ತಾರೋ ಗೊತ್ತಿಲ್ಲ, ಹೆಂಗಸರು ಒಂದೇ ಅಡುಗೆಮನೆಯಲ್ಲಿ ಇರಬಾರದು ಎಂದು ಲಾಯರು ಹೇಳಿದ್ದ. ಆರ್ಡರ್ ತಡವಾಯಿತು. ಸೌದೆ ಬೇರೆಯಾಯಿತು, ಹಾಲು ಬೇರೆಯಾಯಿತು, ಉಪ್ಪಿನಕಾಯಿ ಜಾಡಿ ಎರಡಾದವು. ಎರಡು ಕೈಯ ಕೆಲಸ ಒಂದೇ ಕೈಗೆ ಬಿದ್ದು ಅಮ್ಮ ಸಿಡುಕತೊಡಗಿದಳು.

ಇದನ್ನೂ ಹೇಳಬೇಕು. ಚಿಕ್ಕಪ್ಪ ಪಾಳಿ ಮುಗಿಸಿ ಹೊತ್ತಲ್ಲದ ಹೊತ್ತಿಗೆ ಬಂದರೆ ಈಗ ಚಿಕ್ಕಮ್ಮ ಯಾರನ್ನೂ ಕೇಳದೆ ಬಿಸಿ ಅಡುಗೆ ಮಾಡಿ ಹಾಕುತ್ತಿದ್ದಳು. ಒಂದು ದಿನ ಅವಳು ಆ ಒಲೆಯ ಮುಂದೆ ಒಬ್ಬಳೇ ಏನೋ ಗುನುಗುತ್ತಾ ಕೂತಿದ್ದನ್ನು ಕಂಡೆ. ನಮ್ಮನ್ನು ಒಡೆದದ್ದು ಕಾಯ್ದೆ ಎಂದು ಬರೆಯಲು ಹೊರಟಾಗಲೆಲ್ಲ ಆ ಗುನುಗು ನೆನಪಾಗಿ ಕೈ ನಿಲ್ಲುತ್ತದೆ. ತನ್ನದೊಂದು ಒಲೆ ಅವಳಿಗೆ ಮೊದಲಿನಿಂದಲೂ ಬೇಕಾಗಿತ್ತೇನೋ. ಆದರೆ ಅಜ್ಜಿಯನ್ನು ದೂರವಿಡುವ ಒಲೆ ಬೇಕಿರಲಿಲ್ಲ, ಅಷ್ಟನ್ನು ಖಚಿತವಾಗಿ ಹೇಳಬಲ್ಲೆ.

ಕೊನೆಗೂ ಆರ್ಡರ್ ಬಂತು. ಪಾಲು ನಿಜವೆಂದು ಒಪ್ಪಿದ್ದರು, ಜಮೀನು ಉಳಿಯಿತು. ಅಪ್ಪ ಸಿಹಿ ತಂದ. "ಇನ್ನು ಆ ಒಲೆ ಕಿತ್ತಾಕಿ," ಎಂದ. ಚಿಕ್ಕಮ್ಮ ಅಜ್ಜಿಯ ಕಡೆ ನೋಡಿದಳು.

"ಸರ್ಕಾರ್ದೋರು ಕಾಗ್ದ ಕೊಟ್ಬುಟ್ರೆ ನನ್ನಾಣೆ ಓಯ್ತದಾ?" ಎಂದಳು ಅಜ್ಜಿ.

ಅವತ್ತು ಚಿಕ್ಕಮ್ಮನ ತಾಳ್ಮೆ ಮುಗಿಯಿತು. "ಆಣೆ ಅಲ್ಲ ಬುಡಿ ಅತ್ತೆ. ಬಂಜೆ ಕೈ ಮುದ್ದೆ ಬ್ಯಾಡ್ವಾಗಿತ್ತು, ಒಂದ್ ನೆಪ ಸಿಗ್ತು." ಊರ ಹೆಂಗಸರು ಬೋರ್‌ವೆಲ್ ಹತ್ತಿರ ಹಾಗೆ ಆಡಿಕೊಳ್ಳುತ್ತಿದ್ದರು. ಅದು ಅವಳ ಬಾಯಿಂದಲೇ ಬಂತು. ಅಜ್ಜಿ ಕಂಬಕ್ಕೆ ಒರಗಿ ಕೂತಳು. ಅಮ್ಮ ಸಮಾಧಾನ ಮಾಡಲು ಹೋಗಿ, "ಆಗೋದು ಆಯ್ತು, ಬ್ಯಾರೆ ಇದ್ದೀರ, ಬ್ಯಾರೆನೇ ಇರಿ," ಎಂದುಬಿಟ್ಟಳು. ಸಿಡುಕಿನಲ್ಲಿ ಆಡಿದ್ದೋ, ನಿಜವಾಗಿ ಆಡಿದ್ದೋ, ಅಮ್ಮನಿಗೇ ಗೊತ್ತಿಲ್ಲ.

ಆಮೇಲೆ ಚಿಕ್ಕಪ್ಪ ತನ್ನ ಪಾಲು ಕೇಳಿದ. ಇಲ್ಲ ಎನ್ನಲು ಅಪ್ಪನಿಗೆ ಬಾಯಿರಲಿಲ್ಲ. ಪಾಲಾಗಿ ವರ್ಷಗಳಾದವು ಎಂದು ಸರ್ಕಾರದ ಮುಂದೆ ಹೇಳಿದ್ದು ಅವನೇ. ರಸ್ತೆ ಬದಿಯಲ್ಲಿ ಚಿಕ್ಕಪ್ಪ ಸಾಲು ಮನೆಗಳನ್ನು ಕಟ್ಟಿ ಪೀಣ್ಯದ ಕೆಲಸಗಾರರಿಗೆ ಬಾಡಿಗೆಗೆ ಕೊಟ್ಟ, ತುದಿಯ ಮನೆಯಲ್ಲಿ ತಾವೇ ಹೋಗಿ ಇದ್ದರು. ನಮ್ಮ ಅಂಗಳದಿಂದ ಆ ಮನೆಯ ಶೀಟು ಕಾಣುತ್ತಿತ್ತು. ಹಬ್ಬಕ್ಕೆ ಬರುತ್ತಿದ್ದರು, ಅಜ್ಜಿಯ ಕಾಲು ಮುಟ್ಟುತ್ತಿದ್ದರು, ಊಟಕ್ಕೆ ಮೊದಲೇ ಏನಾದರೂ ಕೆಲಸ ಹೇಳಿಕೊಂಡು ಹೊರಡುತ್ತಿದ್ದರು.

ಎಂಬತ್ತರ ದಶಕದ ನಡುವೆ ಅಜ್ಜಿ ಹಾಸಿಗೆ ಹಿಡಿದಳು. ಕಣ್ಣು ಮಬ್ಬಾಗಿತ್ತು, ಕಿವಿ ಮಂದವಾಗಿತ್ತು. ಎರಡು ದಿನದಿಂದ ಅಮ್ಮ ಏನು ಕೊಟ್ಟರೂ ಕಟವಾಯಿಯಲ್ಲಿ ಹೊರಗೆ ಬರುತ್ತಿತ್ತು. ನಾನು ಆಗ ಸ್ಕೂಲೊಂದರಲ್ಲಿ ಪಾಠ ಮಾಡುತ್ತಿದ್ದೆ, ರಜೆ ಹಾಕಿ ಬಂದಿದ್ದೆ. ಬೆಳಿಗ್ಗೆ ಚಿಕ್ಕಮ್ಮ ಬಂದಳು. ಹಾಸಿಗೆಯ ಹತ್ತಿರ ಹೋಗದೆ, ಯಾರನ್ನೂ ಮಾತಾಡಿಸದೆ, ನೇರ ಅಮ್ಮನ ಅಡುಗೆಮನೆಗೆ ಹೋದಳು. ಅಮ್ಮನ ಪಾತ್ರೆ ತೆಗೆದು, ಅಮ್ಮನ ಒಲೆಯ ಮೇಲೆ ನೀರಿಟ್ಟು, ರಾಗಿ ಹಿಟ್ಟು ಕದಡಿ ಗಂಜಿ ಕಾಸಿದಳು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೂ ಆಗಲೇ ಹೊಳೆದದ್ದು. ಅಜ್ಜಿ ಆಣೆ ಇಟ್ಟದ್ದು ಆ ಒಲೆಯ ಮೇಲೆ, ಈ ಕೈಯ ಮೇಲೆ ಅಲ್ಲ. ಆರ್ಡರ್ ಬಂದ ದಿನದಿಂದಲೇ ಚಿಕ್ಕಮ್ಮ ಹೀಗೆ ಬೇಯಿಸಿ ಹಾಕಬಹುದಿತ್ತು, ಇಷ್ಟು ವರ್ಷ.

ಅಮ್ಮ ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಚಿಕ್ಕಮ್ಮ ಆರಿಸಿ ಆರಿಸಿ ಚಮಚದಲ್ಲಿ ಹಾಕಿದಳು. ಗಂಟಲು ಅಲುಗಿತು. ಇನ್ನೊಂದು. ಅದೂ ಇಳಿಯಿತು.

"ಚಿಕ್ಕೋಳು ಬಂದ್ಲಾ?" ಎಂದಳು ಅಜ್ಜಿ, ಯಾರನ್ನೂ ನೋಡದೆ.

ಅಮ್ಮ ಬಾಯಿ ತೆರೆದಳು. ಚಿಕ್ಕಮ್ಮ ಬೇಡ ಬೇಡ ಎಂದು ತಲೆಯಾಡಿಸಿದಳು. ಎಲ್ಲಿ ಬೇಯಿಸಿದ್ದು ಎಂದು ಆ ಕಿವಿಗೆ ತಿಳಿಸಿ ಹೇಳುವಷ್ಟರಲ್ಲಿ ಅಜ್ಜಿ ಬಾಯಿ ಮುಚ್ಚಿಬಿಟ್ಟರೆ ಎಂಬ ಹೆದರಿಕೆ ಎಂದು ಆಮೇಲೆ ನನಗೆ ಹೇಳಿದಳು.

"ಇನ್ನೂ ಬಂದಿಲ್ಲ ಅತ್ತೆ," ಎಂದು ಅಮ್ಮ ಗಟ್ಟಿಯಾಗಿ ಹೇಳಿದಳು.

"ಬಂದ್ರೆ ಅಂಗೇ ಕಳುಸ್ಬ್ಯಾಡ. ನನ್ ತಾವ ಒಸಿ ಕುಂಡ್ರುಸು."

"ಊ ಅತ್ತೆ."

ಅಜ್ಜಿ ಮತ್ತೆ ಬಾಯಿ ತೆರೆದಳು. ಚಿಕ್ಕಮ್ಮನ ಚಮಚದಿಂದ ಗಂಜಿ ಸ್ವಲ್ಪ ಗಲ್ಲದ ಮೇಲೆ ಚೆಲ್ಲಿತು. ಅದನ್ನು ಬೆರಳಿನಿಂದ ಒರೆಸಿ, ಸದ್ದು ಮಾಡದಂತೆ ತುಟಿ ಕಚ್ಚಿಕೊಂಡು, ಬಟ್ಟಲು ಖಾಲಿಯಾಗುವವರೆಗೂ ಹಾಕುತ್ತಲೇ ಹೋದಳು.