ನಾನು ಸಹಿ ಹಾಕದ ಒಪ್ಪಂದ

ಹೈದರಾಬಾದಿನ ಕುಷಾಯಿಗೂಡದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯೊಂದರಲ್ಲಿ ನಾನು ಹತ್ತೊಂಬತ್ತು ವರ್ಷ ತಾಮ್ರದ ತಂತಿ ಸುತ್ತಿದೆ. ನನ್ನದು ಕಾಯಂ ನೌಕರಿ. ಯೂನಿಯನ್ ಕಮಿಟಿಯಲ್ಲಿದ್ದ ಒಬ್ಬಳೇ ಹೆಂಗಸೂ ನಾನೇ.

ನಮ್ಮ ಯೂನಿಯನ್ ಗಟ್ಟಿಯಾಗಿತ್ತು. ಒಂದು ಮುಷ್ಕರವನ್ನು ಗೆದ್ದೂ ಇದ್ದೆವು. ಆದರೆ ಆಮೇಲೆ ಮಾಲೀಕರು ಯಾರನ್ನೂ ಕಾಯಂ ಆಗಿ ತೆಗೆದುಕೊಳ್ಳಲಿಲ್ಲ. ಒಬ್ಬರು ನಿವೃತ್ತರಾದರೆ ಆ ಜಾಗಕ್ಕೆ ಗುತ್ತೇದಾರನ ಕಡೆಯವರು ಬರುತ್ತಿದ್ದರು. ನಮಗೇನೂ ಕಡಿಮೆಯಾಗದ ಕಾರಣ ನಾವು ನೋಡಿಯೂ ಸುಮ್ಮನಿದ್ದೆವು.

ನನ್ನ ಪಕ್ಕದ ಮಷೀನಿಗೆ ಹಾಗೆ ಬಂದವಳು ಯಾದಗಿರಿ ಕಡೆಯ ಒಬ್ಬ ಬಾಣಂತಿ. ಕೆಲಸ ಕಲಿಸಿದ್ದು ನಾನೇ. ವರ್ಷ ತುಂಬುವುದರೊಳಗೆ ನನಗಿಂತ ಚೊಕ್ಕವಾಗಿ ಸುತ್ತತೊಡಗಿದಳು. ಒಂದು ದಿನ ಬುತ್ತಿ ಬಿಚ್ಚುತ್ತ ಕೇಳಿದಳು: "ಅಕ್ಕಾ, ನೀವು ಮತ್ತ ಸ್ಟ್ರೈಕ್ ಮಾಡಿದ್ರ ನಾವು ಒಳಗ ಕೆಲಸ ಮಾಡಬೇಕಂತ. ಗುತ್ತೇದಾರ ಹೇಳ್ಯಾನ. ನಾ ಏನ್ ಮಾಡ್ಲಿರಿ?"



ಹೊಸ ಒಪ್ಪಂದದ ಮಾತುಕತೆಗೆ ಕುಳಿತಾಗ ಮ್ಯಾನೇಜರು, ನಾವು ಕೇಳಿದಷ್ಟು ಸಂಬಳ ಏರಿಸುವುದಾಗಿ ಹೇಳಿದರು. ಬದಲಿಗೆ ತಂತಿ ಸುತ್ತುವ ವಿಭಾಗ ಪೂರ್ತಿ ಗುತ್ತಿಗೆಗೆ ಹೋಗಬೇಕು. ಕಾಯಂ ಆದ ನಮ್ಮನ್ನು ಬೇರೆ ವಿಭಾಗಕ್ಕೆ ಹಾಕುತ್ತಾರೆ. ಒಪ್ಪಂದಕ್ಕೆ ಕಮಿಟಿಯವರೆಲ್ಲರ ಸಹಿ ಬೇಕಿತ್ತು. ಬೀದರ್ ಕಡೆಯವರಾದ ನಮ್ಮ ಅಧ್ಯಕ್ಷರು ಮೆಲ್ಲಗೆ ಹೇಳಿದರು: "ಸಹಿ ಹಾಕವ್ವಾ. ನಮ್ಮ ಮಂದಿಗೇನೂ ಲುಕ್ಸಾನ ಇಲ್ಲ."

"ನಮ್ಮ ಮಂದಿ ಅಂದ್ರ ಯಾರ್ರೀ ಅಣ್ಣಾ? ನಾಳೆ ನಾವು ಗೇಟಿನ ಹೊರಗ ಕುಂತ್ರ ಅವರು ಮಷೀನ್ ನಡಸ್ತಾರ. ನಾವು ಜಗ್ಗಿದಷ್ಟೂ ಮಾಲೀಕರು ಗುತ್ತಿಗಿ ಕಡೆ ಸರಿಯಾಕತ್ತಾರ. ಅವರನ್ನೂ ಯೂನಿಯನ್‌ದಾಗ ತಗೊಳ್ಳೂತನಕ ನಾ ಸಹಿ ಹಾಕೂದಿಲ್ಲ."

ಅಧ್ಯಕ್ಷರು ಮ್ಯಾನೇಜರ ಬಳಿ ಒಂದು ವಾರದ ಸಮಯ ಕೇಳಿದರು.

ಆ ವಾರವೆಲ್ಲ ಕೆಲಸ ಮುಗಿಸಿ ಗುತ್ತಿಗೆಯವರ ಮನೆಗಳಿಗೆ ಹೋದೆ. ಕೆಲಸದಿಂದ ತೆಗೆದುಹಾಕುತ್ತಾರೆಂದು ಎಲ್ಲರಿಗೂ ಭಯ. ಯೂನಿಯನ್‌ಗೆ ಮೊದಲು ಹೆಸರು ಬರೆಸಿದವಳು ನನ್ನ ಪಕ್ಕದ ಮಷೀನಿನವಳೇ. ಅವಳನ್ನು ನೋಡಿ ಉಳಿದವರೂ ಬರೆಸಿದರು. ಮುಂದಿನ ಮಾತುಕತೆಗೆ ಅವಳನ್ನೂ ಕರೆದುಕೊಂಡು ಹೋದೆ.

"ಈಕೆ ನಮ್ಮ ಕಂಪನಿಯವಳಲ್ಲ" ಎಂದು ಮ್ಯಾನೇಜರು ತೆಲುಗಿನಲ್ಲಿ ಆಕ್ಷೇಪಿಸಿದರು.

"ನಮ್ಮ ಸದಸ್ಯೆ" ಎಂದು ಅಧ್ಯಕ್ಷರೂ ತೆಲುಗಿನಲ್ಲೇ ಹೇಳಿ, ಅವಳಿಗೊಂದು ಕುರ್ಚಿ ಎಳೆದರು.

ಎರಡು ತಿಂಗಳು ಎಳೆದಾಡಿದ ಮೇಲೆ ನಮ್ಮ ವಿಭಾಗ ಗುತ್ತಿಗೆಗೆ ಹೋಗದೆ ಉಳಿಯಿತು. ಮೂರು ವರ್ಷ ದುಡಿದ ಗುತ್ತಿಗೆಯವರನ್ನು ಸರದಿಯಂತೆ ಕಾಯಂ ಮಾಡುವುದೆಂದಾಯಿತು. ಸಂಬಳ ಮಾತ್ರ ಮೊದಲು ಹೇಳಿದಷ್ಟು ಏರಲಿಲ್ಲ. ಅದಕ್ಕಾಗಿ ಕೆಲವು ಹಳಬರು ನನ್ನೊಡನೆ ಮಾತು ಬಿಟ್ಟರು. ಪ್ಯಾಕಿಂಗ್ ವಿಭಾಗ ಗುತ್ತಿಗೆಗೆ ಹೋಯಿತು, ಅದನ್ನು ಉಳಿಸಿಕೊಳ್ಳಲು ಆಗಲಿಲ್ಲ. ಆದರೂ ನಾನು ಮಾಡಿದ್ದು ಸರಿ ಎಂಬುದರಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ.

ಮೂರು ವರ್ಷ ತುಂಬಿ, ಕಾಯಂ ಆದ ಆದೇಶ ಕೈಗೆ ಬಂದ ವಾರವೇ ಪಕ್ಕದ ಮಷೀನಿನವಳು ನನ್ನನ್ನು ಕರೆದಳು: "ಐತಾರ ಖಾಲಿ ಅದೀರೇನ್ರೀ ಅಕ್ಕಾ? ಪ್ಯಾಕಿಂಗ್‌ನವರ ಮನಿಗೆ ಹೋಗೂಣು."