ಗಡ್ಡಿ ಹಾಕಿದ ಮದ್ದು

ಗೌನಿಪಲ್ಲಿಯ ಮುನಿಶಾಮಿ ಮಾವ ಮಾವಿನ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಕಾಯಿ ಕದಲಿದ ಸದ್ದಾದರೆ, "ಗಡ್ಡಿ ಸಾಲ್ದು, ಬಿಚ್ಲಾ!" ಗಡ್ಡಿ ಎಂದರೆ ಕಾಯಿಗೆ ಪೆಟ್ಟಾಗದಂತೆ ತುಂಬುವ ಹುಲ್ಲು. ನಮ್ಮ ಕಡೆ ಮಾತು ಕನ್ನಡವಾದರೂ ಹುಲ್ಲು ತೆಲುಗಿನದು. ತಂಗಿಯ ಮಗಳಾದ ನನ್ನನ್ನು, ಓದಿದ ತಪ್ಪಿಗೆ, "ಬಿಎಸ್ಸಿಯಮ್ಮ" ಎನ್ನುತ್ತಿದ್ದ.

ಎರಡು ಸಾವಿರ ಇಸವಿ ದಾಟಿದ ಮೇಲೆ, ಸಕ್ಕರೆ ಕಾಯಿಲೆಯ ಮಾವನ ಮೂಗಿನೊಳಗೆ ಬೂಷ್ಟು ಹಿಡಿಯಿತು. ಮಿದುಳಿಗೆ ಹತ್ತಿದರೆ ಉಳಿಯುವುದಿಲ್ಲವೆಂದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೊಳೆತದ್ದನ್ನು ಕೆರೆದು, ಬೂಷ್ಟು ಕೊಲ್ಲುವ ಮದ್ದನ್ನು ನರಕ್ಕೆ ಹನಿಸಿದರು. ಮೊದಲ ಬಾಟಲಿಗೇ ಚಳಿಜ್ವರ, ಮಂಚವೇ ನಡುಗಿತು. "ಬಿಎಸ್ಸಿಯಮ್ಮ, ಕಾಯಿ ಲಾರಿ ಹತ್ತಿಸ್ಬಿಟ್ರಾ ನನ್ನ?" ಎಂದ, ಹಲ್ಲು ಕಟಕಟಿಸುತ್ತಲೇ. ನಾಲ್ಕೇ ದಿನಕ್ಕೆ ಕಿಡ್ನಿ ಸೋಲತೊಡಗಿತು.

ಡಾಕ್ಟರು ಮದ್ದು ಬದಲಿಸಿದರು. "ಅದೇ ಔಷಧಿ. ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳಲ್ಲಿ ಸುತ್ತಿರ್ತಾರೆ. ಕಿಡ್ನಿಗೆ ಪೆಟ್ಟು ಕಮ್ಮಿ. ಅದಕ್ಕೇ ಹಲವು ಪಟ್ಟು ಜಾಸ್ತಿ ಕೊಡಬಹುದು."

ನಾನು ಲಿಪಿಡ್ಡು, ನ್ಯಾನೊ ಎಂದು ವಿವರಿಸಹೊರಟೆ. "ಅಷ್ಟೇನಾ? ಗಡ್ಡಿ ಹಾಕವ್ರೆ ಅನ್ನು," ಎಂದ ಮಾವ.

ಆ ಬಾಟಲಿ ಮಬ್ಬು ಹಳದಿ. ದಿನಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿಸಿ, "ಹ್ಞೂ, ಗಡ್ಡಿ ಐತೆ" ಎಂದ ಮೇಲೆಯೇ ಕೈ ಚಾಚುತ್ತಿದ್ದ. ನರ್ಸುಗಳಿಗೆ ನಗು.

ಆರನೆಯ ಬೆಳಿಗ್ಗೆ ಹೊಸ ನರ್ಸು ಬಂದರು. ಮಾವ ಕೈ ಎಳೆದುಕೊಂಡ. "ಸಿಸ್ಟರಮ್ಮ, ಗಡ್ಡಿ ಎಲ್ಲಿ? ಇದು ತಿಳಿಯಾಗೈತೆ."

"ಹೆಸರು ಅದೇ ಇದೆಯಲ್ಲ ತಾತ."

ಬಾಟಲಿಯ ಮೇಲಿನ ಚೀಟಿಯನ್ನು ನಾನೂ ಓದಿದೆ. ಹೆಸರೇನೋ ಅದೇ. ನಾಚಿಕೆಯಾಗಿ, "ಮಾವ, ಸುಮ್ನಿರು," ಎಂದು ಅವನ ಕೈಯನ್ನು ನಾನೇ ಅದುಮಿ ಹಿಡಿದುಕೊಟ್ಟೆ.

"ಅಯ್ಯೋ, ಬಿಎಸ್ಸಿಯಮ್ಮ ನನ್ನ ಸಾಯಿಸ್ತಾವಳೆ ಕಣ್ರೋ!"

ವಾರ್ಡಿಗೆ ವಾರ್ಡೇ ತಿರುಗಿತು. ಡಾಕ್ಟರು ಬಂದು ಬಾಟಲಿ ನೋಡಿ ಬಿಳಿಚಿಕೊಂಡರು. ಕೊಬ್ಬಿನಲ್ಲಿ ಸುತ್ತಿದ ಮದ್ದಿನ ಹಲವು ಪಟ್ಟು ಅಳತೆಯಲ್ಲಿ, ಸುತ್ತದ ಹಳೆಯ ಮದ್ದು ಅದು. ಒಳಗೆ ಹೋಗಿದ್ದರೆ ಹೃದಯವೇ ನಿಲ್ಲಬಹುದಿತ್ತು.

ಮಾವ ಉಳಿದ. ಆಮೇಲೆ ಮದುವೆ, ನಾಮಕರಣ ಎಲ್ಲಿ ನನ್ನನ್ನು ಕಂಡರೂ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದ. ಎಲ್ಲರೂ ನಗುತ್ತಿದ್ದರು, ನಾನೂ. ನನ್ನ ಬೆರಳುಗಳು ಮಾತ್ರ ಆ ಮಣಿಕಟ್ಟಿನ ಎಳೆತವನ್ನು ಇಂದಿಗೂ ಮರೆತಿಲ್ಲ.

ಕೊನೆಯ ಸಲ ಕಂಡಾಗ ಮುಪ್ಪಿಗೆ ಹಾಸಿಗೆ ಹಿಡಿದಿದ್ದ. ನನಗೆಂದು ಕಟ್ಟಿಸಿದ್ದ ಮಾವಿನ ಪೆಟ್ಟಿಗೆಯತ್ತ ಕಣ್ಣು ಹೊರಳಿಸಿದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ.

"ಗಡ್ಡಿ ಐತೆ, ಮಾವ."

ಹೊದಿಕೆಯಿಂದ ಕೈ ಹೊರಗೆ ಚಾಚಿದ. "ಹಂಗಾದ್ರೆ ಹಿಡ್ಕೋ."